ಟೊಮಾಹಾಕ್ ಕೊಡಲಿಯ ಕಾವು: ಉದ್ದ ಆರಿಸುವುದು, ಕೂರಿಸುವುದು, ಕೆಲಸಕ್ಕೆ ಹದಗೊಳಿಸುವುದು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಶನಿವಾರ ಬಂತೆಂದರೆ ಸಹ್ಯಾದ್ರಿಯ ಕಡೆಗೆ ಹೊರಡುವವರು ಬಹಳ. ಅವರಲ್ಲಿ ಕೆಲವರು ಮುಳಶಿ, ಭೋರ್, ವೆಲ್ಹೆ ಕಡೆ ಒಂದೆರಡು ಎಕರೆ ಜಮೀನು ಮಾಡಿಕೊಂಡು, ಗುಡಾರ ಹಾಕಿ, ಬೇಲಿ ಕಟ್ಟಿ, ಕಳೆ ಕಡಿದು ವಾರಾಂತ್ಯ ಕಳೆಯುತ್ತಾರೆ. ಈ ಕೆಲಸಗಳಿಗೆಂದು ಟೊಮಾಹಾಕ್ ಎಂಬ ಹಗುರವಾದ ಅಮೆರಿಕದ ಕೊಡಲಿಯನ್ನು ತರಿಸಿಕೊಂಡವರು ನನ್ನ ಪರಿಚಯದಲ್ಲೇ ನಾಲ್ಕೈದು ಮಂದಿ ಇದ್ದಾರೆ, ಮತ್ತು ಅವರೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: “ಕಾವು ಉದ್ದ ಆಯ್ತು, ಎಷ್ಟು ಕೊಯ್ಸಲಿ?” ಈ ಬರಹ ಆ ಪ್ರಶ್ನೆಗೆ ಉತ್ತರ. ಆದರೆ ಕೊಯ್ಯುವುದು ಈ ಕೆಲಸದಲ್ಲಿ ಮೊದಲ ಹಂತವಲ್ಲ, ತಲೆ ಕೂರಿಸಿ ಕೆಲಸ ಮಾಡಿ ನೋಡಿದ ಮೇಲೆ ಬರುವ ಹಂತ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಮೊದಲೇ ಕೊಯ್ದು ಒಂದು ಒಳ್ಳೆಯ ಕಾವನ್ನು ಕಳೆದುಕೊಂಡವನು.

ಈ ಕೊಡಲಿಯ ವಿಶೇಷ ಎಲ್ಲಿದೆ

ಟೊಮಾಹಾಕ್ ಎಂಬ ಹೆಸರು ಉತ್ತರ ಅಮೆರಿಕದ ಮೂಲನಿವಾಸಿಗಳ ಆಲ್ಗಾಂಕ್ವಿಯನ್ ಭಾಷೆಗಳಿಂದ ಬಂದದ್ದು. ಯುರೋಪಿನ ವ್ಯಾಪಾರಿಗಳು ತುಪ್ಪುಳಿನ ಬದಲಿಗೆ ಕೊಟ್ಟ ಕಬ್ಬಿಣದ ಸಣ್ಣ ಕೊಡಲಿಗಳಿಗೆ ಅದೇ ಹೆಸರು ನಿಂತಿತು. ಇಂದು ಮಾರಾಟಕ್ಕೆ ಸಿಗುವವುಗಳಲ್ಲಿ ಹೆಚ್ಚು ಪರಿಚಿತವಾದ ಕೋಲ್ಡ್ ಸ್ಟೀಲ್ ಸಂಸ್ಥೆಯ ಕೊಡಲಿಗಳು 1055 ಎಂಬ ಇಂಗಾಲದ ಉಕ್ಕಿನವು, ಅವುಗಳ ಕಾವು 22 ಅಂಗುಲ ಉದ್ದದ ಹಿಕರಿ ಮರದ್ದು.

ನಮ್ಮವರಿಗೆ ಇದರ ಕಟ್ಟನ್ನು ವಿವರಿಸಲು ಪಿಕಾಸಿಯನ್ನು ನೆನಪಿಸಿದರೆ ಸಾಕು. ಸಾಮಾನ್ಯ ಮರಗಡಿಯುವ ಕೊಡಲಿಯಲ್ಲಿ ಕಾವನ್ನು ಕೆಳಗಿನಿಂದ ತೂರಿಸಿ, ಮೇಲೆ ಸೀಳಿ, ಬೆಣೆ ಹೊಡೆದು ಬಿಗಿ ಮಾಡುತ್ತಾರೆ. ಟೊಮಾಹಾಕ್‌ನಲ್ಲಿ ಬೆಣೆಯೇ ಇಲ್ಲ. ತಲೆಯ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವೂ ಹಾಗೆಯೇ ಮೇಲೆ ದಪ್ಪ, ಕೆಳಗೆ ತೆಳು. ಕಾವಿನ ತೆಳುವಾದ ತುದಿಯನ್ನು ತೂತಿನ ಮೇಲ್ಭಾಗದಿಂದ ಇಳಿಬಿಟ್ಟು ಎಳೆದರೆ ತಲೆ ಮೇಲಕ್ಕೆ ಜಾರಿ ದಪ್ಪ ಭಾಗದಲ್ಲಿ ಕಚ್ಚಿಕೊಳ್ಳುತ್ತದೆ. ಬೀಸಿದಷ್ಟೂ ತಲೆ ಹೊರಕ್ಕೆ ಎಳೆಯುವುದರಿಂದ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಪಿಕಾಸಿ ಹಿಡಿದು ರಸ್ತೆ ಅಗೆಯುವವರು ಆಗಾಗ ಅದನ್ನು ತಲೆಕೆಳಗು ಮಾಡಿ ಕಾವಿನ ಮೇಲ್ತುದಿಯನ್ನು ಕಲ್ಲಿಗೆ ಕುಟ್ಟುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಸಡಿಲವಾದ ತಲೆಯನ್ನು ಬಿಗಿ ಮಾಡುವ ಕ್ರಮ ಅದೇ. ಬಿಚ್ಚಬೇಕಾದರೆ ನೇರವಾಗಿ ಹಿಡಿದು ಕೆಳತುದಿಯನ್ನು ಮರದ ದಿಮ್ಮಿಗೆ ಕುಟ್ಟಬೇಕು.

ಈ ಕಟ್ಟಿನಿಂದ ಎರಡು ನಿಯಮಗಳು ಹುಟ್ಟುತ್ತವೆ, ಮುಂದಿನ ಎಲ್ಲ ಮಾರ್ಪಾಡುಗಳೂ ಅವುಗಳಿಗೆ ಒಳಪಡಬೇಕು. ಒಂದು, ಕೆಳತುದಿಯಲ್ಲಿ ತೂತಿಗಿಂತ ದಪ್ಪವಾದ ಯಾವ ಗುಬುಟನ್ನೂ ಉಳಿಸುವಂತಿಲ್ಲ, ಉಳಿಸಿದರೆ ತಲೆ ಬಿಚ್ಚಿ ಹಾಕಲು ಬರುವುದಿಲ್ಲ. ಎರಡು, ಉದ್ದ ಕಡಿಮೆ ಮಾಡುವಾಗ ಕೆಳತುದಿಯಿಂದಲೇ ಕೊಯ್ಯಬೇಕು. ಮೇಲಿನಿಂದ ಕೊಯ್ದರೆ ತಲೆಯನ್ನು ಕಚ್ಚಿ ಹಿಡಿಯುವ ದಪ್ಪ ಭಾಗವೇ ಹೋಗುತ್ತದೆ.

ಕಾನೂನನ್ನು ಮೊದಲೇ ತಿಳಿದಿರಬೇಕು

ಕೆಲಸ ಶುರು ಮಾಡುವ ಮೊದಲು ಇದನ್ನು ಬಳಸುವುದೆಲ್ಲಿ ಎಂದು ನಿಶ್ಚಯಿಸಿಕೊಳ್ಳಿ. ಮೀಸಲು ಅರಣ್ಯದಲ್ಲಿ ಮರ ಕಡಿಯುವುದು 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ತಾಮ್ಹಿಣಿ, ಭೀಮಾಶಂಕರದಂಥ ವನ್ಯಧಾಮಗಳಿಗೆ ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ, ಮತ್ತು ಆ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕು ಕೂಡ ಸೇರಿದೆ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಯುದ್ಧಗೊಡಲಿಯ ಹೆಸರಿದೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಹರಿತವಾದ ಆಯುಧಗಳೂ ಅಲ್ಲಿವೆ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ರೂಪಿಸಿದವುಗಳಿಗೆ ಮಾತ್ರ ವಿನಾಯಿತಿ ಇದೆ. ಇದರ ಜೊತೆಗೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೆಯ ಕಲಮಿನಡಿ ನಗರದಲ್ಲಿ ಆಯುಧ ಹಿಡಿದು ತಿರುಗುವುದನ್ನು ನಿಷೇಧಿಸುವ ಆದೇಶಗಳು ಆಗಾಗ ಹೊರಡುತ್ತವೆ.

ಆದ್ದರಿಂದ ಸಿಂಹಗಡ, ರಾಜಗಡದ ಚಾರಣಕ್ಕೆ ಇದನ್ನು ಒಯ್ಯಬೇಡಿ. ಅಲ್ಲಿ ಇದರಿಂದ ಆಗುವ ಕೆಲಸವೂ ಇಲ್ಲ. ಸ್ವಂತದ ಅಥವಾ ಒಪ್ಪಿಗೆ ಪಡೆದ ಜಮೀನಿನಲ್ಲಿ ಕೆಲಸಕ್ಕೆಂದು ಬಳಸಿ, ಒಯ್ಯುವಾಗ ತಲೆ ಮತ್ತು ಕಾವನ್ನು ಬೇರೆ ಮಾಡಿ ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ಹಿಂಬದಿಯಲ್ಲಿ ಮೊನಚು ಮುಳ್ಳಿರುವ ಮಾದರಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಹೊಲದ ಕೆಲಸಕ್ಕೆ ಬರುವುದಿಲ್ಲ, ಬೀಸುವಾಗ ನಮ್ಮದೇ ಹಣೆಯ ಕಡೆಗೆ ತಿರುಗಿರುತ್ತದೆ. ಹಿಂಬದಿ ಸುತ್ತಿಗೆಯಂತೆ ಚಪ್ಪಟೆಯಾಗಿರುವ ತಲೆಯನ್ನೇ ಕೊಳ್ಳಿ, ಗುಡಾರದ ಗೂಟ ಹೊಡೆಯಲು ಅದು ನಿತ್ಯ ಉಪಯೋಗಕ್ಕೆ ಬರುತ್ತದೆ.

ಉದ್ದದ ಲೆಕ್ಕ

ನಮ್ಮ ಹಿರಿಯರು ಮೈಯಿಂದಲೇ ಅಳೆಯುತ್ತಿದ್ದರು, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ, ಅಂದರೆ ಸುಮಾರು 18 ಅಂಗುಲ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಂಗೈ ಅಗಲಿಸಿದರೆ ಒಂದು ಗೇಣು, ಅಂದರೆ 9 ಅಂಗುಲ. ನಾಲ್ಕು ಬೆರಳು ಜೋಡಿಸಿದರೆ ಸುಮಾರು 3 ಅಂಗುಲ. ನಿಮ್ಮ ಮೊಳ ನನ್ನದಕ್ಕಿಂತ ಬೇರೆ ಇರುತ್ತದೆ, ಮತ್ತು ನಿಮ್ಮ ಕಾವು ನಿಮ್ಮ ತೋಳಿಗೆ ಹೊಂದಬೇಕಾದದ್ದೇ ಹೊರತು ಕಾರ್ಖಾನೆಯ ಅಳತೆಗಲ್ಲ.

ಕಾವಿನ ಉದ್ದ ಏಟಿನ ಬಲವನ್ನು ಹೇಗೆ ಬದಲಿಸುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೈ ಅದೇ ವೇಗದಲ್ಲಿ ತಿರುಗಿದರೆ ತಲೆಯ ವೇಗ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ, ಏಟಿನ ಶಕ್ತಿ ಆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಬರೀ ಮಣಿಕಟ್ಟಿನಿಂದ ಹೊಡೆಯುವಾಗ 22 ಅಂಗುಲದ ಕಾವನ್ನು 16ಕ್ಕೆ ಇಳಿಸಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, 19ಕ್ಕೆ ಇಳಿಸಿದರೆ ಮುಕ್ಕಾಲಿಗೆ. ಭುಜದಿಂದ ಪೂರ್ತಿ ತೋಳು ಬೀಸಿ ಹೊಡೆಯುವಾಗ ತೋಳಿನ ಎರಡಡಿಯೂ ಲೆಕ್ಕಕ್ಕೆ ಸೇರುವುದರಿಂದ ನಷ್ಟ ಇಷ್ಟಿಲ್ಲ. 16 ಅಂಗುಲದಲ್ಲಿಯೂ ಮುಕ್ಕಾಲು ಪಾಲು ಬಲ ಉಳಿಯುತ್ತದೆ. ನಿಜವಾದ ಕೆಲಸ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅರ್ಧ ಕಿಲೋ ಆಸುಪಾಸಿನ ಹಗುರ ತಲೆಗೆ ಬಲ ಕೊಡುವುದು ವೇಗವೊಂದೇ ಆದ್ದರಿಂದ, ಭಾರದ ಕೊಡಲಿಯಲ್ಲಿ ನಡೆದುಹೋಗುವ ಗಿಡ್ಡ ಕಾವು ಟೊಮಾಹಾಕ್‌ನಲ್ಲಿ ನಡೆಯುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲಿಯೇ.

ಇನ್ನೊಂದು ಸಂಗತಿ ಬಲಕ್ಕಿಂತ ದೊಡ್ಡದು. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಹೆಚ್ಚಿನ ಸಲ ಎದುರಿನ ನೆಲಕ್ಕೆ ಬಡಿಯುತ್ತದೆ; ಗಿಡ್ಡ ಕಾವಿನದು ತಪ್ಪಿದರೆ ಅದರ ಸುತ್ತು ಮೊಣಕಾಲು, ಮುಂಗಾಲಿನ ಹತ್ತಿರ ಮುಗಿಯುತ್ತದೆ. ನಾನು ನನ್ನ ಮೊದಲ ಟೊಮಾಹಾಕ್ ಕಾವನ್ನು, ಚೀಲದಲ್ಲಿ ಹಿಡಿಯಲಿ ಎಂಬ ಒಂದೇ ಕಾರಣಕ್ಕೆ, ತಂದ ದಿನವೇ 14 ಅಂಗುಲಕ್ಕೆ ಕೊಯ್ಸಿದೆ. ವೆಲ್ಹೆಯ ಹತ್ತಿರ ಗೆಳೆಯರ ಹೊಲದಲ್ಲಿ ಲಂಟಾನದ ಬುಡ ಕಡಿಯುವಾಗ ಏಟು ಸಾಲದೆ ಬಗ್ಗಿ ಬಗ್ಗಿ ಜೋರಾಗಿ ಬೀಸತೊಡಗಿದ್ದೆ. ಒಂದು ಏಟು ಬುಡದ ಸಿಪ್ಪೆಗೆ ತಾಗಿ ಜಾರಿ ಎಡಗಾಲಿನ ಬೂಟಿನ ಪಕ್ಕವನ್ನು ಎರಡು ಅಂಗುಲ ಸೀಳಿತು. ಒಳಗಿನ ಕಾಲುಚೀಲದ ನೂಲು ಕೂಡ ಕತ್ತರಿಸಿತ್ತು, ಚರ್ಮ ಮಾತ್ರ ಉಳಿದಿತ್ತು. ಅಂದಿನಿಂದ 18 ಅಂಗುಲಕ್ಕಿಂತ ಗಿಡ್ಡ ಕಾವು ಹಿಡಿದಾಗ ನಾನು ಮಂಡಿಯೂರಿ ಕುಳಿತೇ ಕಡಿಯುತ್ತೇನೆ, ಆಗ ತಪ್ಪಿದ ಏಟು ನೆಲಕ್ಕೆ ಹೋಗುತ್ತದೆ.

ಕೆಲಸಕ್ಕೆ ತಕ್ಕಂತೆ ನಾನು ಕಂಡುಕೊಂಡ ಅಳತೆಗಳು ಇವು. ಒಲೆಗೆ ಚಕ್ಕೆ ಸೀಳುವುದು, ಗೂಟ ಚೂಪು ಮಾಡುವುದು, ಮರದ ಚಮಚ ಕೆತ್ತುವುದು ಇಷ್ಟೇ ಇದ್ದರೆ 14ರಿಂದ 16 ಅಂಗುಲ, ಅಂದರೆ ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಗುಡಾರದ ಸುತ್ತಲಿನ ಎಲ್ಲ ಕೆಲಸಕ್ಕೂ ಒಂದೇ ಸಾಧನ ಬೇಕೆಂದರೆ 18ರಿಂದ 19, ಸರಿಯಾಗಿ ಒಂದು ಮೊಳ ಅಥವಾ ಅದಕ್ಕೆ ಒಂದು ಬೆರಳು ಹೆಚ್ಚು. ಲಂಟಾನ, ಸುಬಾಬುಳ್, ಗ್ಲಿರಿಸಿಡಿಯಾದ ಮಣಿಕಟ್ಟಿನಷ್ಟು ದಪ್ಪದ ಕೊಂಬೆಗಳನ್ನು ದಿನವಿಡೀ ಸವರಬೇಕಾದರೆ 20ರಿಂದ 22, ಅಂದರೆ ಮೊಳದ ಮೇಲೆ ನಾಲ್ಕು ಬೆರಳು. ಕಷ್ಟದ ಏಟಿಗೆ ಎರಡೂ ಕೈ ಹಾಕಲು ಇಷ್ಟು ಉದ್ದ ಬೇಕೇ ಬೇಕು. ಯಾವುದು ಬೇಕೆಂದು ಗೊತ್ತಾಗದಿದ್ದರೆ ಉದ್ದವಾದದ್ದನ್ನೇ ಇಟ್ಟುಕೊಳ್ಳಿ. ಉದ್ದ ಕಾವನ್ನು ಮೇಲೆ ಹಿಡಿದು ಗಿಡ್ಡದರಂತೆ ಬಳಸಬಹುದು, ಗಿಡ್ಡದ್ದನ್ನು ಉದ್ದವಾಗಿ ಬಳಸಲು ಬರುವುದಿಲ್ಲ.

ಹಂತ ಒಂದು: ಬಿಚ್ಚಿ, ಪರೀಕ್ಷಿಸಿ

ಹೊಸ ಕೊಡಲಿಯ ತಲೆಯ ಪಕ್ಕದಲ್ಲಿ ಸಣ್ಣ ತಿರುಪುಮೊಳೆ ಇರುವುದುಂಟು. ಸಾಗಣೆಯಲ್ಲಿ ತಲೆ ಜಾರದಿರಲೆಂದು ಹಾಕಿದ ಇದು ಕಾವಿನ ಎಳೆಗಳನ್ನು ಒಂದೇ ಬಿಂದುವಿನಲ್ಲಿ ಒತ್ತಿ ಕುಳಿ ಮಾಡುತ್ತದೆ, ಮುಂದೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅದನ್ನು ತೆಗೆದುಬಿಡಿ. ತಲೆ ಸರಿಯಾಗಿ ಕೂತರೆ ಅದರ ಅಗತ್ಯವಿಲ್ಲ, ಸರಿಯಾಗಿ ಕೂರದಿದ್ದರೆ ಅದು ಕಾಪಾಡುವುದೂ ಇಲ್ಲ.

ಕೆಳತುದಿಯನ್ನು ಕುಟ್ಟಿ ತಲೆ ಬಿಚ್ಚಿ, ತೂತಿನ ಒಳಗೆ ಬೆರಳು ಆಡಿಸಿ ನೋಡಿ. ಅಚ್ಚಿನಲ್ಲಿ ಬಡಿದು ಮಾಡಿದ ತಲೆಗಳಲ್ಲಿ ಒಳಗೆ ಏಣುಗಳು, ಬಣ್ಣದ ಗಂಟುಗಳು ಉಳಿದಿರುತ್ತವೆ. ಅರ್ಧಗುಂಡು ಅರದಿಂದ ಈ ಏಣುಗಳನ್ನು ಸವರಿ, ಮೇಲಿನ ಮತ್ತು ಕೆಳಗಿನ ಅಂಚುಗಳ ಹರಿತವನ್ನು ಮುರಿಯಿರಿ. ತೂತನ್ನು ದೊಡ್ಡದು ಮಾಡುವುದು ಇಲ್ಲಿ ಉದ್ದೇಶವಲ್ಲ, ಕಾವನ್ನು ಕತ್ತರಿಸುವ ಚೂಪನ್ನು ತೆಗೆಯುವುದಷ್ಟೇ ಉದ್ದೇಶ. ಅರ, ಉಜ್ಜುಕಾಗದ, ಮಸೆಗಲ್ಲು ಇವೆಲ್ಲ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಸಿಗುತ್ತವೆ. ಅರಕ್ಕೆ ಅಲ್ಲಿ ಕಾನಸ್ ಎಂದು ಕೇಳಬೇಕು. ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರ್‌ನಲ್ಲಿ ಹಳೆಯ ಅರಗಳೂ ಸಿಗುತ್ತವೆ, ಆದರೆ ಹಲ್ಲು ಸವೆದ ಅರ ಉಕ್ಕನ್ನು ಕಚ್ಚದೆ ಹೊಳಪು ಮಾತ್ರ ಕೊಡುತ್ತದೆ, ನೋಡಿ ಕೊಳ್ಳಿ.

ಕಾವಿನ ತುದಿಯನ್ನು ಬೆಳಕಿಗೆ ಹಿಡಿದು ಮರದ ಬಳೆಗಳು ಯಾವ ದಿಕ್ಕಿಗಿವೆ ಎಂದು ನೋಡಬೇಕು. ಬಳೆಗೆರೆಗಳು ಕೊಡಲಿಯ ಬಾಯಿಯ ದಿಕ್ಕಿನಲ್ಲೇ ಹರಿದಿದ್ದರೆ ಕಾವು ಗಟ್ಟಿ. ಪಕ್ಕದಿಂದ ನೋಡಿದಾಗ ಎಳೆಗಳು ತುದಿಯಿಂದ ತುದಿಯವರೆಗೆ ಓಡಬೇಕು. ನಡುವೆ ಎಲ್ಲಾದರೂ ಓರೆಯಾಗಿ ಅಂಚಿನಿಂದ ಹೊರಗೆ ಜಾರಿ ಹೋಗಿದ್ದರೆ ಅಲ್ಲಿಯೇ ಮುರಿಯುತ್ತದೆ. ಆ ಓರೆ ಕೆಳಗಿನ 4 ಅಂಗುಲದಲ್ಲಿದ್ದರೆ ಕೊಯ್ದು ತೆಗೆಯುವುದರಿಂದ ದೋಷವೇ ಹೋಗುತ್ತದೆ. ತಲೆಯ ಕೆಳಗೇ ಇದ್ದರೆ ಬೇರೆ ಕಾವು ಮಾಡಿಕೊಳ್ಳಬೇಕು.

ಹಂತ ಎರಡು: ತಲೆ ಕೂರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು, ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. ತೂತಿನ ಒಳಗೆ ದೀಪದ ಮಸಿಯನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ. ಕಾವನ್ನು ಇಳಿಬಿಟ್ಟು, ತಲೆಕೆಳಗು ಮಾಡಿ ಮೇಲ್ತುದಿಯನ್ನು ನಾಲ್ಕೈದು ಬಾರಿ ದಿಮ್ಮಿಗೆ ಕುಟ್ಟಿ ಬಿಗಿ ಮಾಡಿ, ಮತ್ತೆ ಬಿಚ್ಚಿ. ಎಲ್ಲಿ ಮರ ಉಕ್ಕನ್ನು ಮುಟ್ಟಿದೆಯೋ ಅಲ್ಲಿ ಕಪ್ಪು ಕಲೆ ಇರುತ್ತದೆ. ಮೊದಲ ಸಲ ನೋಡಿದಾಗ ಎರಡು ಮೂರು ಕಲೆ ಮಾತ್ರ ಕಾಣುತ್ತವೆ, ಅಂದರೆ ತಲೆ ಅಷ್ಟು ಸಣ್ಣ ಜಾಗದ ಮೇಲೆ ನಿಂತಿದೆ ಎಂದರ್ಥ. ಆ ಕಲೆಗಳನ್ನು ಮಾತ್ರ ಒಡೆದ ಗಾಜಿನ ಚೂರಿನಿಂದ ಅಥವಾ ಅರದಿಂದ ಕಾಗದದಷ್ಟು ತೆಳ್ಳಗೆ ಹೆರೆದು, ಮತ್ತೆ ಕೂರಿಸಿ, ಮತ್ತೆ ಬಿಚ್ಚಿ. ಗಾಜು ಹಿಡಿಯುವ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆಯಬೇಡಿ.

ಹತ್ತು ಹದಿನೈದು ಸಲ ಹೀಗೆ ಮಾಡಿದ ಮೇಲೆ ಕಪ್ಪು ಒಂದು ಪಟ್ಟಿಯಂತೆ ಸುತ್ತಲೂ ಹರಡುತ್ತದೆ. ಆಗ ತಲೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸಡಿಲ ಕೊಡಲಿಯ ಒಡೆದ ದನಿ ಹೋಗಿ ಒಂದೇ ತುಂಡಿನಂತೆ ಗಟ್ಟಿ ದನಿ ಬರುತ್ತದೆ. ಪ್ರತಿ ಸಲವೂ ತಲೆ ಸ್ವಲ್ಪ ಸ್ವಲ್ಪ ಮೇಲೇರುತ್ತ ಹೋಗುವುದರಿಂದ ಹೆಚ್ಚು ಹೆರೆದರೆ ಕಾವಿನ ಮೇಲ್ತುದಿ ತಲೆಯೊಳಗೆ ಹೂತುಹೋಗುತ್ತದೆ. ಕೊನೆಗೆ ತಲೆಯ ಮೇಲೆ ಕಾಲಂಗುಲದಿಂದ ಅರ್ಧ ಅಂಗುಲ ಮರ ಉಳಿದಿರಬೇಕು. ಮುಂದೆ ಬೇಸಿಗೆಯಲ್ಲಿ ಮರ ಕುಗ್ಗಿ ತಲೆ ಮೇಲೇರಿದಾಗ ಈ ಉಳಿಕೆಯೇ ಕಾಪಾಡುವುದು.

ಹಂತ ಮೂರು: ಕೊಯ್ಯದೆ ಕೆಲಸ ಮಾಡಿ ನೋಡುವುದು

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ನಾನು ಮರ ಕೊಳ್ಳುವ ಕಡೆ ಕಲಬುರಗಿ ಸೀಮೆಯ ಒಬ್ಬ ಹಿರಿಯ ಬಡಿಗೇರರು ಕೆಲಸ ಮಾಡುತ್ತಿದ್ದರು. 14 ಅಂಗುಲದ ಕಾವನ್ನು ಅವರ ಮುಂದಿಟ್ಟು ಹೊಸದು ಬೇಕೆಂದಾಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಅಳತಿ ಯಾರ ಹೇಳಿದ್ರು ತಮ್ಮಾ ನಿಂಗ? ಕೈ ಎಲ್ಲಿ ಕುಂದರತದ ನೋಡಿ ಆಮ್ಯಾಗ ಗರಗಸ ಹಿಡಿಬೇಕಿತ್ತು” ಎಂದರು. ಅವರ ಮಾತಿನಂತೆ ಈಗ ಮಾಡುತ್ತಿರುವ ಕ್ರಮ ಹೀಗಿದೆ.

ತಲೆಯ ಮೇಲ್ತುದಿಯಿಂದ ಅಳೆದು 14, 16, 18, 20 ಅಂಗುಲಗಳಲ್ಲಿ ಬೇರೆ ಬೇರೆ ಬಣ್ಣದ ಟೇಪಿನ ಒಂದೊಂದು ಸುತ್ತು ಹಾಕಿ. ಎರಡು ಮೂರು ವಾರಾಂತ್ಯ ಪೂರ್ತಿ ಉದ್ದದಲ್ಲೇ ಕೆಲಸ ಮಾಡಿ: ಕಟ್ಟಿಗೆ ಸೀಳಿ, ಗೂಟ ಹೊಡೆಯಿರಿ, ಕೊಂಬೆ ಸವರಿ. ಕೈ ಎಲ್ಲಿ ಹಿಡಿಯಬೇಕೆಂದು ಯೋಚಿಸಬೇಡಿ. ಕೆಲಸದ ಬಿಸಿಯಲ್ಲಿ ಕೈ ತಾನಾಗಿಯೇ ಒಂದು ಜಾಗ ಹಿಡಿಯುತ್ತದೆ. ವಿಶ್ರಾಂತಿಗೆ ನಿಲ್ಲುವ ಮೊದಲು ಕಿರುಬೆರಳು ಯಾವ ಬಣ್ಣದ ಹತ್ತಿರ ಇದೆ ಎಂದು ಮಾತ್ರ ನೋಡಿಕೊಂಡು ಬರೆದಿಡಿ. ಕೊಂಬೆ ಸವರುವಾಗ ಮತ್ತು ಕೆತ್ತುವಾಗ ಬೇರೆ ಬೇರೆ ಜಾಗ ಬರುತ್ತವೆ. ಇವುಗಳಲ್ಲಿ ಅತಿ ಕೆಳಗಿನ ಜಾಗವೇ ನಿಮ್ಮ ಅಳತೆ, ಮತ್ತು ಆ ಕಿರುಬೆರಳಿನ ಕೆಳಗೆ ಇನ್ನೂ ಎರಡು ಬೆರಳಷ್ಟು ಮರ ಇರಬೇಕು, ಇಲ್ಲದಿದ್ದರೆ ಬೆವರಿದ ಕೈಯಿಂದ ಕೊಡಲಿ ಜಾರಿ ಹೋಗುತ್ತದೆ. ಈ ಕ್ರಮ ಅನುಸರಿಸಿದ ನನ್ನ ಗೆಳೆಯರಲ್ಲಿ ಇಬ್ಬರು ಕೊನೆಗೆ ಕೊಯ್ಯಲೇ ಇಲ್ಲ, ಅವರ ಕೈ 20ರ ಟೇಪಿಗಿಂತ ಕೆಳಗೆ, ತುದಿಯ ಕಡೆಗೇ ಕೂತಿತ್ತು.

ಕೊಯ್ಯುವುದೇ ಆದರೆ ಗುರುತಿನ ಸುತ್ತ ಟೇಪು ಬಿಗಿದು, ಸಣ್ಣ ಹಲ್ಲಿನ ಗರಗಸದಿಂದ, ಕಾವನ್ನು ತಿರುಗಿಸುತ್ತ ಕೊಯ್ಯಿರಿ. ಟೇಪು ಎಳೆಗಳು ಸಿಬಿರೇಳದಂತೆ ತಡೆಯುತ್ತದೆ. ಒಮ್ಮೆಗೆ ಒಂದು ಅಂಗುಲಕ್ಕಿಂತ ಹೆಚ್ಚು ತೆಗೆಯಬೇಡಿ, ತೆಗೆದ ಮೇಲೆ ಮತ್ತೆ ಒಂದು ದಿನ ಕೆಲಸ ಮಾಡಿ ನೋಡಿ. ಕೊನೆಗೆ ಅಂಚನ್ನು ಸುತ್ತಲೂ ಅರದಿಂದ ಓರೆ ಮಾಡಿ, ಕುಟ್ಟಿದಾಗ ಸೀಳದಿರಲು ಅದು ಬೇಕು.

ಹಂತ ನಾಲ್ಕು: ಕಾವಿನ ಮೈ ಮತ್ತು ಹಿಡಿ

ಕಾರ್ಖಾನೆಯಿಂದ ಬರುವ ಕಾವು ಹೆಚ್ಚಾಗಿ ಗುಂಡಗಿದ್ದು, ಮೇಲೆ ವಾರ್ನಿಶ್ ಬಳಿದಿರುತ್ತದೆ. ವಾರ್ನಿಶ್ ಬೆವರನ್ನು ಹೀರದೆ ಅಂಗೈಯಲ್ಲಿ ಬೊಬ್ಬೆ ಏಳಿಸುತ್ತದೆ, ಅದನ್ನು ಗಾಜಿನಿಂದ ಹೆರೆದು ತೆಗೆಯಿರಿ. ಗುಂಡಗಿನ ಕಾವಿನ ದೋಷವೆಂದರೆ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯುವುದಿಲ್ಲ. ಹಿಡಿಯುವ ಜಾಗದಲ್ಲಿ ಎರಡೂ ಪಕ್ಕದಿಂದ 2 ಮಿಲಿಮೀಟರ್‌ನಷ್ಟು ಹೆರೆದು ಮೊಟ್ಟೆಯಾಕಾರಕ್ಕೆ ತಂದರೆ ಕತ್ತಲಲ್ಲಿಯೂ ಬಾಯಿಯ ದಿಕ್ಕು ಕೈಗೆ ಸಿಗುತ್ತದೆ. ನನ್ನ ಅನುಭವದಲ್ಲಿ ಉದ್ದ ಬದಲಿಸುವುದಕ್ಕಿಂತ ಈ ಸಣ್ಣ ಬದಲಾವಣೆ ಕೊಡಲಿಯನ್ನು ಹೆಚ್ಚು ಸುಧಾರಿಸಿದೆ. ತಲೆ ಕೂರುವ ಜಾಗವನ್ನು ಮಾತ್ರ ಮುಟ್ಟಬಾರದು. 80 ನಂಬರಿನ ಉಜ್ಜುಕಾಗದದಿಂದ ಆರಂಭಿಸಿ 150ಕ್ಕೆ ನಿಲ್ಲಿಸಿ. ಅದಕ್ಕಿಂತ ನುಣುಪಾದರೆ ಜಾರುತ್ತದೆ.

ಚರ್ಮದ ದಾರ, ಸೈಕಲ್ ಟ್ಯೂಬಿನ ಪಟ್ಟಿ, ಕ್ರಿಕೆಟ್ ಬ್ಯಾಟಿನ ರಬ್ಬರ್ ಹಿಡಿ ಇವನ್ನೆಲ್ಲ ಸುತ್ತಿ ನೋಡಿದ್ದೇನೆ. ಮಳೆಗಾಲದಲ್ಲಿ ಇವೆಲ್ಲ ಕೆಳಗೆ ನೀರು ಹಿಡಿದಿಟ್ಟು ಮರವನ್ನು ಕಪ್ಪಾಗಿಸುತ್ತವೆ, ತಲೆ ಬಿಚ್ಚುವುದಕ್ಕೂ ಅಡ್ಡ ಬರುತ್ತವೆ. ಬರಿಯ ಎಣ್ಣೆ ಕುಡಿದ ಮರವೇ ಒಳ್ಳೆಯದು. ಕೆಳತುದಿಯಿಂದ ಒಂದು ಅಂಗುಲ ಮೇಲೆ ರಂಧ್ರ ಕೊರೆದು ದಾರ ಹಾಕಿದರೆ ಗೋಡೆಗೆ ತೂಗುಹಾಕಲು ಅನುಕೂಲ, ಆದರೆ ಆ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎಂದಿಗೂ ಬೀಸಬೇಡಿ; ಕೈ ಜಾರಿದ ಕೊಡಲಿ ದೂರ ಹೋಗುವ ಬದಲು ತಿರುಗಿ ನಿಮ್ಮ ಕಡೆಗೇ ಬರುತ್ತದೆ.

ಹಂತ ಐದು: ಬಾಯಿ ಕಟ್ಟುವುದು

ಇಂಥ ತಲೆಗಳ ಬಾಯಿ ಹೆಚ್ಚಾಗಿ ಮೊಂಡಾಗಿ, ಅಲಗಿನ ಇಳಿಜಾರು ದಪ್ಪವಾಗಿ ಬರುತ್ತದೆ, ಅದು ಮರಕ್ಕೆ ಇಳಿಯದೆ ಪುಟಿಯುತ್ತದೆ. ಮೊದಲು ಅಂಚಿನ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ತಲೆಯನ್ನು ಪಟ್ಟಡಿಗೆ ಬಿಗಿದು, ಅರವನ್ನು ಒಂದೇ ದಿಕ್ಕಿನಲ್ಲಿ ತಳ್ಳಿ. ಕಪ್ಪು ಎಲ್ಲಿ ಅಳಿಸುತ್ತದೆಯೋ ಅಲ್ಲಿ ಅರ ಕಚ್ಚುತ್ತಿದೆ ಎಂದು ತಿಳಿಯುತ್ತದೆ. ಎರಡೂ ಬದಿ ಸೇರಿ 25ರಿಂದ 30 ಡಿಗ್ರಿ ಕೋನ ಮರದ ಕೆಲಸಕ್ಕೆ ಸರಿ. ಅಂಚಿನ ಹಿಂದಿನ ಭುಜವನ್ನು ಸಣ್ಣಗೆ ಉಬ್ಬಿದಂತೆ ದುಂಡಾಗಿಸಿದರೆ ಕೊಡಲಿ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಮಸೆಗಲ್ಲಿನಲ್ಲಿ ಮುಗಿಸಿ.

ಸಾಣೆ ಹಿಡಿಯುವವರ ಹತ್ತಿರ ಅಥವಾ ಗ್ರೈಂಡರ್‌ನಲ್ಲಿ ಈ ಕೆಲಸ ಎರಡು ನಿಮಿಷದ್ದು, ಆದರೆ ಅಪಾಯ ಅಲ್ಲಿಯೇ ಇದೆ. ಉಕ್ಕು ಬಿಸಿಯಾಗಿ ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಣಹುಲ್ಲಿನ ಹಳದಿ ಬಣ್ಣ, 300ರ ಹತ್ತಿರ ನೀಲಿ ಬಣ್ಣ ಮೇಲೆ ಮೂಡುತ್ತದೆ. ನೀಲಿ ಕಂಡ ಜಾಗದ ಹದ ಹೋಯಿತು, ಅಲ್ಲಿ ಬಾಯಿ ಮಡಚಿಕೊಳ್ಳುತ್ತದೆ. ಯಂತ್ರ ಬಳಸಲೇಬೇಕಾದರೆ ಬರಿಗೈಯಿಂದ ತಲೆ ಹಿಡಿದು, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ.

ಮೇಲಿನ ಕಪ್ಪು ಬಣ್ಣ ತೆಗೆಯುವುದು ಇಷ್ಟಕ್ಕೆ ಬಿಟ್ಟ ವಿಷಯ. ತೆಗೆದರೆ ಬರಿ ಉಕ್ಕಿಗೆ ವಿನೆಗರ್ ಸವರಿ ಬೂದುಬಣ್ಣ ಬರಿಸಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು.

ಹೊಸ ಕಾವು ಬೇಕಾದರೆ

ಹಿಕರಿ ಇಲ್ಲಿ ಬೆಳೆಯುವುದಿಲ್ಲ, ಆದರೆ ಅದಕ್ಕಾಗಿ ಕೊರಗಬೇಕಾಗಿಲ್ಲ. “ಕೊಡಲಿ ಕಾವು ಕುಲಕ್ಕೆ ಸಾವು” ಎಂಬ ಗಾದೆ ಕಟ್ಟಿದ ನಾಡಿಗೆ ಕಾವಿನ ಮರ ಯಾವುದೆಂದು ಚೆನ್ನಾಗಿ ಗೊತ್ತಿದೆ. ನಮ್ಮ ಗದಗ ಸೀಮೆಯ ರೈತರೂ ಇಲ್ಲಿನ ಮಾವಳದ ರೈತರೂ ಜಾಲಿಯನ್ನು, ಅಂದರೆ ಮರಾಠಿಯ ಬಾಭೂಳವನ್ನು ನಂಬುತ್ತಾರೆ: ಭಾರ, ಬಿಗಿ, ಏಟು ತಡೆಯುವ ಮರ. ಧಾಮಣ ಎಂದು ಇಲ್ಲಿ ಕರೆಯುವ ತಡಸಲು ಮರ ಬಾಗಿ ಮತ್ತೆ ನೇರವಾಗುವ ಗುಣದಿಂದ ಕಾವಿಗೆ ಹೆಸರಾದದ್ದು, ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ. ದಿಂಡಿಗ, ಅಂದರೆ ಧಾವಡಾ, ಗಾಡಿಯ ಅಚ್ಚಿಗೆ ಬಳಸುತ್ತಿದ್ದ ಮರ, ಅದೂ ಒಳ್ಳೆಯದು. ಸಾಗುವಾನಿ ನೋಡಲು ಚೆನ್ನ, ಗೆದ್ದಲನ್ನೂ ತಡೆಯುತ್ತದೆ, ಆದರೆ ಏಟಿಗೆ ತಟ್ಟನೆ ಮುರಿಯುತ್ತದೆ; ಅದನ್ನು ಕಾವಿಗೆ ತರಬೇಡಿ.

ಮರದ ಅಡ್ಡೆಯಲ್ಲಿ ಕೊಳ್ಳುವಾಗ ಯಂತ್ರದಲ್ಲಿ ಕೊಯ್ದ ರೀಪಿಗಿಂತ ಕೊಡಲಿಯಿಂದ ಸೀಳಿದ ತುಂಡನ್ನು ಕೇಳಿ, ಸೀಳು ಎಳೆಯ ಜೊತೆಗೇ ಓಡುತ್ತದೆ. ಹಸಿ ಮರವನ್ನು ನೆರಳಿನಲ್ಲಿ, ತುದಿಗಳಿಗೆ ಮೇಣ ಬಳಿದು, ಕನಿಷ್ಠ ಒಂದು ಬೇಸಿಗೆ ಕಾಯಿಸಿ ಒಣಗಿಸಬೇಕು. ಹಸಿಯಲ್ಲೇ ಕೂರಿಸಿದ ತಲೆ ತಿಂಗಳೊಳಗೆ ಗಡಗಡ ಅಲುಗುತ್ತದೆ. ತೆಳುವಾದ ಕೆಳತುದಿ ತೂತಿನಲ್ಲಿ ಸಲೀಸಾಗಿ ಇಳಿಯುವಂತೆ, ಮೇಲಿನ 4 ಅಂಗುಲ ಮಾತ್ರ ನಿಧಾನವಾಗಿ ದಪ್ಪವಾಗುವಂತೆ ಹೆರೆದು, ಎರಡನೆಯ ಹಂತದ ಮಸಿಯ ಕ್ರಮವನ್ನೇ ಅನುಸರಿಸಿ. ಹೊಸ ಕಾವನ್ನು 22 ಅಂಗುಲದಲ್ಲೇ ಮಾಡಿ.

ಎಣ್ಣೆ, ಮಳೆಗಾಲ, ಬೇಸಿಗೆ

ಕಾವಿಗೆ ಅಗಸೆ ಎಣ್ಣೆಯೇ ಬೇಕು. ಇಲ್ಲಿ ಜವಸ ಎಂದು ಕರೆಯುವ ಇದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮರದೊಳಗೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಗಟ್ಟಿಯಾಗದೆ ಕಾವನ್ನು ಜಾರುವಂತೆ ಮಾಡುತ್ತದೆ. ಬಣ್ಣದ ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಎಂದು ಸಿಗುವುದು ಬೇಗ ಒಣಗುತ್ತದೆ, ಆದರೆ ಅದರಲ್ಲಿ ಲೋಹದ ಲವಣಗಳು ಸೇರಿರುವುದರಿಂದ ಅಡುಗೆಮನೆಯಿಂದ ದೂರವಿಡಿ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ. ದಿನಕ್ಕೊಮ್ಮೆಯಂತೆ ಒಂದು ವಾರ, ವಾರಕ್ಕೊಮ್ಮೆಯಂತೆ ಒಂದು ತಿಂಗಳು, ಆಮೇಲೆ ತಿಂಗಳಿಗೊಮ್ಮೆ. ಕೊಯ್ದ ತುದಿಗಳು ಎಣ್ಣೆಯನ್ನು ಹೆಚ್ಚು ಕುಡಿಯುತ್ತವೆ, ಅಲ್ಲಿ ಹೆಚ್ಚು ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಿ ಅಥವಾ ಬಯಲಲ್ಲಿ ಹರಡಿ ಒಣಗಿಸಿ.

ಸಹ್ಯಾದ್ರಿಯ ಮಳೆಗಾಲದ ನಾಲ್ಕು ತಿಂಗಳು ಮರ ನೀರು ಹೀರಿ ಉಬ್ಬುತ್ತದೆ, ತಲೆ ಕಲ್ಲಿನಂತೆ ಕೂರುತ್ತದೆ. ಏಪ್ರಿಲ್, ಮೇ ತಿಂಗಳ ಪುಣೆಯ ಒಣಗಾಳಿಯಲ್ಲಿ ಅದೇ ಮರ ಕುಗ್ಗಿ ಸಡಿಲವಾಗುತ್ತದೆ. ಸಡಿಲವಾದ ಕೊಡಲಿಯನ್ನು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕುವ ರೂಢಿ ನಮ್ಮ ಊರುಗಳಲ್ಲಿ ಇದೆ. ಬೆಳಗ್ಗೆ ಬಿಗಿಯಾದಂತೆ ಕಾಣುತ್ತದೆ, ಆದರೆ ಉಬ್ಬಿದ ಮರ ಉಕ್ಕಿಗೆ ಒತ್ತಿ ಎಳೆಗಳು ನಜ್ಜುಗುಜ್ಜಾಗುವುದರಿಂದ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಟೊಮಾಹಾಕ್‌ಗೆ ಅದು ಬೇಕಾಗಿಯೂ ಇಲ್ಲ. ತಲೆಕೆಳಗು ಮಾಡಿ ಕುಟ್ಟಿದರೆ ಸಾಕು.

ಚರ್ಮದ ಒರೆ ಹೊಲಿಸುವಾಗ ಅಂಚಿನ ಉದ್ದಕ್ಕೂ ಎರಡು ಪದರದ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಡಲು ಚಮ್ಮಾರರಿಗೆ ಹೇಳಿ, ಇಲ್ಲದಿದ್ದರೆ ಬಾಯಿ ಹೊಲಿಗೆಯನ್ನೇ ಕತ್ತರಿಸುತ್ತದೆ. ಒರೆ ಇರುವುದು ಸಾಗಿಸಲಿಕ್ಕೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆಯನ್ನು ಒರೆಯಿಂದ ತೆಗೆದು, ಯಂತ್ರದ ಎಣ್ಣೆ ಸವರಿ, ಕಾವಿನಿಂದ ಬಿಚ್ಚಿ ಬೇರೆಯಾಗಿ ಇಡಿ. ಕಾವನ್ನು ಗೋಡೆಗೆ ಒರಗಿಸದೆ ದಾರದಿಂದ ತೂಗುಹಾಕಿ, ಒರಗಿಸಿದ ಕಾವು ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಕೂರಿಸುವ ಮೊದಲು ಮಸಿ ಸವರಿ ಒಮ್ಮೆ ಕಲೆ ನೋಡಿಕೊಳ್ಳಿ. ಒಂದೆರಡು ಕಡೆ ಹೆರೆಯುವ ಕೆಲಸ ಇದ್ದೇ ಇರುತ್ತದೆ.